ಪಕ್ಕದ ಬೆಂಚಿನ ತಮಾರ

ಬೈಲಹೊಂಗಲ
8 ಸೆಪ್ಟೆಂಬರ್ 2024

ಪ್ರೀತಿಯ ಶೀತಲ್,

'ಮಾತು ಬಲ್ಲಾಕಿಗೆ ಮುನ್ನೂರು ಊರು ತವರು...' ಇದರ ಮುಂದಿನ ಸಾಲು ಏನೆಂದು ಬೆಳಿಗ್ಗೆಯಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ, ಬರುತ್ತಿಲ್ಲ. ಸಂಪಗಾಂವದ ಮನೆಯಲ್ಲಿ ನನ್ನ ಅಜ್ಜಿ ಹೇಳುತ್ತಿದ್ದಳು. ಮುನ್ನೂರೋ ಮೂವತ್ತೋ, ಅದೂ ಖಾತ್ರಿಯಿಲ್ಲ. ಸವದತ್ತಿ ಗುಡ್ಡದ ಆಚೆ ಕಾಲಿಡದ ಅಜ್ಜಿಗೆ ಮುನ್ನೂರು ಊರಿನ ಸುದ್ದಿ ಹೇಗೆ ಗೊತ್ತಿತ್ತು? ಮಾತೊಂದು ಬಂದರೆ ಪರ ಊರು ತವರಾಗಿಬಿಡುತ್ತದೆಯೇ? ತವರಿನಲ್ಲಿ ಮಾತೇ ಬೇಕಾಗುವುದಿಲ್ಲವಲ್ಲ. ಆದರೂ ನಿನ್ನನ್ನು ವಿಮಾನಕ್ಕೆ ಬಿಟ್ಟು ಬರುವಾಗ ಈ ಅರ್ಧ ಸಾಲನ್ನೇ ಹಿಡಿದುಕೊಂಡು ಬಂದೆ.

ಆರು ತಿಂಗಳು ಫೋನಿಲ್ಲ, ಮನೆಗೆ ಪತ್ರ ಮಾತ್ರ ಎಂಬ ವಿದ್ಯಾರ್ಥಿ ವಿನಿಮಯದವರ ನಿಯಮ ನಿನ್ನ ಅಪ್ಪನಿಗೆ ಇನ್ನೂ ಅರಗಿಲ್ಲ. "ಮಗಳನ್ನ ಫಿನ್‌ಲೆಂಡಿಗೆ ಕಳಿಸೇವೋ, ದಂಡಿಗೆ ಕಳಿಸೇವೋ?" ಎನ್ನುತ್ತಾರೆ. ನನಗೆ ನಿಯಮ ಸರಿ ಅನ್ನಿಸುತ್ತದೆ. ದಿನಾ ಸಂಜೆ ನನ್ನ ಜೊತೆ ಮಾತಾಡಿದರೆ ಅಲ್ಲಿಯವರ ಜೊತೆ ಯಾವಾಗ ಮಾತಾಡುತ್ತೀ? ಮಕ್ಕಳಿಗೆ ಮಾತು ಕಲಿಸುವುದಕ್ಕೇ ತಾನೆ ಇದೆಲ್ಲ. ಇನ್ನೊಂದು ನಿಯಮವನ್ನು ಮರೆಯಬೇಡ. ಫೆಬ್ರವರಿ ಕೊನೆಗೆ ಊರ ಸಭೆಯ ಮುಂದೆ ನೀನು ಮಾತಾಡಬೇಕು. ಮಾತಾಡದ ಮಗುವನ್ನು ಉಳಿದ ವರ್ಷಕ್ಕೆ ಇಟ್ಟುಕೊಳ್ಳುವುದಿಲ್ಲ. ಅದರ ಜೋಡಿಯ ಮಗುವೂ ತನ್ನ ಊರಿಗೆ ಹೊರಡಬೇಕು. ಅಂದರೆ ನೀನು ಅಲ್ಲಿಂದ, ನಿನ್ನ ಬದಲಿಗೆ ನಮ್ಮ ಮನೆಗೆ ಬಂದ ಐನೋ ಇಲ್ಲಿಂದ. ನಮ್ಮ ಶಾಲೆಯಿಂದ ಹೋದ ಮೊದಲ ಹುಡುಗಿ ನೀನು. ನೀನು ತೆರೆದ ಬಾಗಿಲಲ್ಲಿ ಮುಂದಿನವರು ಹೋಗಬೇಕು.

ಐನೋ ನಿನ್ನ ಕೋಣೆಯಲ್ಲೇ ಇದ್ದಾಳೆ. ಒಳ್ಳೆಯ ಹುಡುಗಿ, ಆದರೆ ತುಟಿ ಬಿಚ್ಚುವುದಿಲ್ಲ. ಪಕ್ಕದ ಮನೆ ಗುರುಬಸವ್ವ ಬಂದು ನೋಡಿ, "ಯಾರೋ ಈ ಕೂಸಿನ ನಾಲಿಗಿ ಕಟ್ಯಾರ್ರಿ ಬಾಯಾರ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಐನೋ ಸೀನಿ ಸೀನಿ "ಥ್ಯಾಂಕ್ಯೂ" ಅಂದಳು. "ನೋಡ್ರಿ, ಬಿಚ್ಚಿತು!" ಅಂದಳು ಗುರುಬಸವ್ವ.

ಮಾತಿನ ತರಗತಿ ಶುರುವಾದಾಗ ನಾವು ತಯಾರಿ ಮಾಡಿದ ಹಾಗೇ ಹೇಳು. ಮೊದಲ ವಾಕ್ಯ ಎತ್ತರದ ಸ್ವರದಲ್ಲಿ. ನೋಟ ಹಿಂದಿನ ಗೋಡೆಯ ಮೇಲೆ. ಮೂರನೆಯ ವಾಕ್ಯಕ್ಕೆ ಬಲಗೈ. ಕಿತ್ತೂರಿನ ಭಾಷಣ ಸ್ಪರ್ಧೆಯಲ್ಲಿ ನೀನು ಗೆದ್ದದ್ದು ಇದರಿಂದಲೇ. ರಾಮದುರ್ಗದಲ್ಲಿ ಎರಡನೆಯ ಬಹುಮಾನಕ್ಕೆ ಇಳಿದದ್ದು ಕೈ ಎತ್ತಲು ಮರೆತದ್ದಕ್ಕೆ.

ನಿನ್ನ ಅವ್ವ


ಕೊಯಿವುಲಾ
29 ಸೆಪ್ಟೆಂಬರ್ 2024

ಅವ್ವಾ,

ನಿನ್ನ ಪತ್ರ ಬಂದ ದಿನ ನಾನು ಅದನ್ನು ಮೂಸಿ ನೋಡಿದೆ. ಶೇಂಗಾ ಹಿಂಡಿಯ ವಾಸನೆ ಇತ್ತು. ಅಡುಗೆಮನೆಯಲ್ಲಿ ಕೂತು ಬರೆದಿದ್ದೀ, ಹೌದಲ್ಲ?

ಇಲ್ಲಿ ಎಲ್ಲವೂ ಚಂದ. ಬರ್ಚ್ ಮರಗಳು ಹಳದಿಯಾಗಿವೆ. ಐನೋಳ ತಾಯಿ ಮರ್ಯಾ ಆಂಟಿ ದಾದಿಯಾಗಿ ಕೆಲಸ ಮಾಡುತ್ತಾರೆ. ಅವರದು ದಿನಕ್ಕೆ ಇಪ್ಪತ್ತು ಮಾತು, ಅದರಲ್ಲಿ ಹತ್ತು ನಾಯಿಯ ಜೊತೆ. ಮೊದಲ ವಾರ ನನ್ನ ಮೇಲೆ ಸಿಟ್ಟಿದ್ದಾರೆ ಅಂದುಕೊಂಡಿದ್ದೆ. ಹಾಗಲ್ಲವಂತೆ. ಇಲ್ಲಿ ಸುಮ್ಮನಿರುವುದು ಒಬ್ಬರಿಗೊಬ್ಬರು ಕೊಡುವ ಮರ್ಯಾದೆ. ಬಸ್ಸಿನಲ್ಲಿ ಯಾರೂ ಯಾರ ಪಕ್ಕಕ್ಕೂ ಕೂರುವುದಿಲ್ಲ. ಬೈಲಹೊಂಗಲದ ಬಸ್‌ಸ್ಟ್ಯಾಂಡನ್ನು ಒಂದು ದಿನ ಇಲ್ಲಿ ತಂದಿಟ್ಟರೆ ಇವರೆಲ್ಲ ಕಾಡಿಗೆ ಓಡುತ್ತಾರೆ.

ಮಾತಿನ ತರಗತಿ ಗುರುವಾರ. ಪ್ರತಿಯೊಬ್ಬರೂ ತಮ್ಮ ಊರಿನ ಬಗ್ಗೆ ಐದು ನಿಮಿಷ ಹೇಳಬೇಕು. ನಾನು ಮಲಪ್ರಭೆಯ ಬಗ್ಗೆ, ನವಿಲುತೀರ್ಥದ ಅಣೆಕಟ್ಟಿನ ಬಗ್ಗೆ ಹೇಳುತ್ತೇನೆ. ಕನ್ನಡಿಯ ಮುಂದೆ ನಿಂತು ತಯಾರಿ ಮಾಡುವಾಗ ನಾಯಿ ಬೊಗಳಿತು. ಅಂದರೆ ಸ್ವರ ಸರಿಯಾದ ಎತ್ತರದಲ್ಲಿದೆ!

ಅಪ್ಪನಿಗೆ ಹೇಳು, ಇದು ದಂಡಲ್ಲ, ಊಟ ಚೆನ್ನಾಗಿದೆ, ಖಾರ ಮಾತ್ರ ಇಲ್ಲ.

ಶೀತಲ್


ಬೈಲಹೊಂಗಲ
20 ಅಕ್ಟೋಬರ್ 2024

ಪ್ರೀತಿಯ ಶೀತಲ್,

ಹೇಗಾಯಿತು? ವಿನಿಮಯದವರು ಮೊದಲೇ ಕೊಟ್ಟ ಪಟ್ಟಿಯಲ್ಲಿದ್ದ ನಿನ್ನ ಆ ಗುರುವಾರ ನಾನು ಹತ್ತನೆಯ ತರಗತಿಗೆ ಪಾಠ ಮಾಡುತ್ತ ಗಡಿಯಾರವನ್ನೇ ನೋಡುತ್ತಿದ್ದೆ. ಈಗ ಎದ್ದಿರಬೇಕು, ಈಗ ಕೈ ಎತ್ತಿರಬೇಕು ಅಂತ.

ನಾಯಿ ಬೊಗಳಿದ ಸುದ್ದಿ ಓದಿ ಅಪ್ಪ ಎರಡು ದಿನ ನಕ್ಕರು. ನಾನು ಪತ್ರವನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ಮುಖ್ಯೋಪಾಧ್ಯಾಯರು ಇನ್ನೊಬ್ಬ ಹುಡುಗಿಯ ಹೆಸರನ್ನು ಮುಂದಿನ ವರ್ಷಕ್ಕೆ ಆಗಲೇ ಯೋಚಿಸಿದ್ದಾರೆ.

ಐನೋ ಈಗ ರೊಟ್ಟಿ ಬಡಿಯಲು ಕಲಿತಿದ್ದಾಳೆ. ಅವಳ ರೊಟ್ಟಿ ನಕಾಶೆಯ ಹಾಗೆ ಬರುತ್ತದೆ. "ಇದು ಯಾವ ದೇಶಾನವ್ವ?" ಎಂದು ಗುರುಬಸವ್ವ ಕೇಳುತ್ತಾಳೆ. ಹುಡುಗಿ ಗಂಭೀರವಾಗಿ ನೋಡಿ "ನಾರ್ವೆ" ಅನ್ನುತ್ತಾಳೆ.

ವಿವರವಾಗಿ ಬರೆ. ಚಪ್ಪಾಳೆ ಬಂತೇ, ಎಲ್ಲಿ ಬಂತು, ಎಲ್ಲ.

ನಿನ್ನ ಅವ್ವ


ಕೊಯಿವುಲಾ
10 ನವೆಂಬರ್ 2024

ಅವ್ವಾ,

ನನ್ನ ಮಾತು ಚೆನ್ನಾಗಿ ಆಯಿತು.

ಇಲ್ಲಿ ಹಿಮ ಬಿದ್ದಿದೆ. ನನ್ನ ಪಕ್ಕದ ಬೆಂಚಿನಲ್ಲಿ ತಮಾರ ಎಂಬ ಹುಡುಗಿ ಕೂರುತ್ತಾಳೆ. ಜಾರ್ಜಿಯಾ ದೇಶದವಳು, ನನ್ನ ಹಾಗೇ ವಿನಿಮಯಕ್ಕೆ ಬಂದವಳು. ಅವಳ ವಿಷಯ ನಿನಗೆ ಹೇಳಬೇಕು ಅನ್ನಿಸಿತು. ಅವಳ ಊರಿನಲ್ಲಿ ಮಾತಾಡುವುದೆಂದರೆ ಎದ್ದು ನಿಂತು ಗಟ್ಟಿಯಾಗಿ ಹೇಳುವುದಂತೆ. ಅವಳ ತಾಯಿ ಹಾಗೇ ಕಲಿಸಿದ್ದಂತೆ. ಇಲ್ಲಿ ಎಲ್ಲರೂ ದುಂಡಗೆ ಕುಳಿತು, ಚಹಾ ಕುಡಿಯುವಾಗ ಆಡುವ ಹಾಗೆ ಮಾತಾಡುತ್ತಾರೆ. ಅವಳಿಗೆ ಅದು ಗೊತ್ತಿರಲಿಲ್ಲ. ಅವಳು ಎದ್ದು ನಿಂತಳು. ಒಬ್ಬ ಹುಡುಗ ಅದನ್ನು ಫೋನಿನಲ್ಲಿ ಹಿಡಿದು, ಅವಳ ದನಿಗೆ ಮೇಕೆಯ ದನಿ ಸೇರಿಸಿ ಎಲ್ಲರಿಗೂ ಕಳಿಸಿದ. ಈಗ ಅವಳು ಕಾರಿಡಾರಿನಲ್ಲಿ ನಡೆದರೆ ಯಾರೋ ಮೆಲ್ಲಗೆ ಮೇಕೆಯ ಹಾಗೆ ಕೂಗುತ್ತಾರೆ. ಜೋರಾಗಿ ಅಲ್ಲ. ಇಲ್ಲಿ ಜೋರಾಗಿ ಏನೂ ಇಲ್ಲ.

ಅವಳು ಈಗ ಮಾತಾಡುವುದನ್ನು ಬಿಟ್ಟಿದ್ದಾಳೆ. ಸುಮ್ಮನಿರುವವರು ಇಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಹಾಗಾಗಿ ಶಿಕ್ಷಕರಿಗೂ ಗೊತ್ತಾಗಿಲ್ಲ. ತಾಯಿಗೆ ಬರೆಯಬೇಕೋ ಬೇಡವೋ ಎಂದು ನನ್ನನ್ನು ಕೇಳಿದಳು. ನೀನು ಏನು ಹೇಳುತ್ತೀ ಅವ್ವಾ? ನೀನು ಇಷ್ಟು ಮಕ್ಕಳನ್ನು ನೋಡಿದ್ದೀ.

ಶೀತಲ್


ಬೈಲಹೊಂಗಲ
1 ಡಿಸೆಂಬರ್ 2024

ಪ್ರೀತಿಯ ಶೀತಲ್,

'ಚೆನ್ನಾಗಿ ಆಯಿತು' ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀಯಲ್ಲ! ಇರಲಿ, ಗೆದ್ದವರಿಗೆ ಹೇಳಿಕೊಳ್ಳುವ ಚಟ ಇರಬಾರದು. ಅಪ್ಪ ಬೆಳಗಾವಿಯಿಂದ ಕುಂದಾ ತಂದು ಓಣಿಗೆಲ್ಲ ಹಂಚಿದರು. ಗುರುಬಸವ್ವ, "ನಮ್ಮ ಓಣಿ ಹುಡುಗಿ ಅಂದ್ರ ಏನು ತಿಳಿದಾರ? ಕೂಗಿದ್ರ ಕಿತ್ತೂರ ಕ್ವಾಟಿ ನಡಗಬೇಕು" ಎಂದಳು.

ಆ ಜಾರ್ಜಿಯಾದ ಹುಡುಗಿಯ ವಿಷಯ. ಪಾಪ ಅನ್ನಿಸಿತು. ಆದರೆ ಒಂದು ಮಾತು ಹೇಳಲೇ? ತಯಾರಿ ಇದ್ದವರನ್ನು ನೋಡಿ ಯಾರೂ ನಗುವುದಿಲ್ಲ. ಆ ತಾಯಿ ಎತ್ತರದ ದನಿ ಕಲಿಸಿರಬಹುದು, ಹಿಡಿತ ಕಲಿಸಿಲ್ಲ. ತಾಯಿಗೆ ಬರೆಯುವುದು ಬೇಡ ಎಂದು ಅವಳಿಗೆ ಹೇಳು. ಅಷ್ಟು ದೂರ ಕುಳಿತ ಹೆಂಗಸು ಏನು ಮಾಡಿಯಾಳು? ಸುಮ್ಮನೆ ನಿದ್ದೆ ಕೆಡಿಸಿಕೊಳ್ಳುತ್ತಾಳೆ. ನಾಲ್ಕು ದಿನ ನಕ್ಕು ಮರೆಯುತ್ತಾರೆ.

ಮತ್ತು ನೀನು, ತಪ್ಪು ತಿಳಿಯಬೇಡ, ಸ್ವಲ್ಪ ಬೇರೆ ಬೆಂಚಿಗೆ ಹೋಗು. ಒಬ್ಬಳ ಮೇಲಿನ ನಗೆ ಪಕ್ಕದವಳಿಗೂ ಹತ್ತುತ್ತದೆ. ನಿನ್ನ ಮುಂದೆ ಫೆಬ್ರವರಿ ಇದೆ.

ನಿನ್ನ ಅವ್ವ


ಕೊಯಿವುಲಾ
22 ಡಿಸೆಂಬರ್ 2024

ಅವ್ವಾ,

ನೀನು ಹೇಳಿದ್ದನ್ನು ತಮಾರಳಿಗೆ ಹೇಳಿದೆ. ಸರಿ ಎಂದಳು.

ಇಲ್ಲಿ ಈಗ ಮಧ್ಯಾಹ್ನವೇ ಕತ್ತಲಾಗುತ್ತದೆ. ಹಿಮ ಮೊಳಕಾಲಿನ ತನಕ ಇದೆ. ನಾನು ಆರಾಮ ಇದ್ದೇನೆ. ಮರ್ಯಾ ಆಂಟಿ ಉಣ್ಣೆಯ ಕಾಲುಚೀಲ ಹೆಣೆದು ಕೊಟ್ಟಿದ್ದಾರೆ.

ಶೀತಲ್


ಬೈಲಹೊಂಗಲ
12 ಜನವರಿ 2025

ಶೀತಲ್,

ನಿನ್ನ ಪತ್ರವನ್ನು ಓದಿದೆ ಎನ್ನಬೇಕೋ ನೋಡಿದೆ ಎನ್ನಬೇಕೋ ಗೊತ್ತಾಗಲಿಲ್ಲ. ಅದಕ್ಕಿಂತ ಹೆಚ್ಚು ಅಕ್ಷರ ಲಕೋಟೆಯ ಮೇಲಿದ್ದವು.

ನಿನ್ನೆ ವಿನಿಮಯದವರಿಂದ ಇಮೇಲ್ ಬಂತು. ಅಕ್ಟೋಬರಿನ ನಂತರ ನೀನು ತರಗತಿಯಲ್ಲಿ ಒಂದು ಸಲವೂ ಮಾತಾಡಿಲ್ಲವಂತೆ. ಫೆಬ್ರವರಿ 28ರ ಸಭೆಯಲ್ಲೂ ಹೀಗೇ ಆದರೆ ನಿನ್ನನ್ನೂ ಐನೋಳನ್ನೂ ಮಾರ್ಚಿನಲ್ಲಿ ಅವರವರ ಮನೆಗೆ ಕಳಿಸುತ್ತಾರಂತೆ. ಇದು ಎಚ್ಚರಿಕೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಆ ಇಮೇಲನ್ನು ಯಾರಿಗೂ ತೋರಿಸಿಲ್ಲ. ಅಪ್ಪನಿಗೂ ಇಲ್ಲ.

ಇದು ಹೇಗೆ ಸಾಧ್ಯ? ಮೊದಲ ಮಾತು ಚೆನ್ನಾಗಿ ಆಯಿತು ಎಂದು ನೀನೇ ಬರೆದಿದ್ದೆ. ಚೆನ್ನಾಗಿ ಮಾತಾಡುವ ಹುಡುಗಿ ಮೂರು ತಿಂಗಳು ಬಾಯಿ ಮುಚ್ಚಿ ಯಾಕೆ ಕೂರುತ್ತಾಳೆ? ಆ ತಮಾರಳ ಸಹವಾಸ ಬಿಡು ಎಂದೆ, ಬಿಡಲಿಲ್ಲ. ಅವಳ ಮೌನ ನಿನಗೆ ಅಂಟಿದೆ. ಮರ್ಯಾ ಮಗಳಿಗೆ ಬರೆದ ಪತ್ರದಲ್ಲಿ 'ಶೀತಲ್ ನಮ್ಮ ಮನೆಗೆ ಹೊಂದಿಕೊಂಡಿದ್ದಾಳೆ, ತುಂಬ ಸುಮ್ಮನೆ ಇರುತ್ತಾಳೆ' ಎಂದು ಹೊಗಳಿದ್ದಾರೆ. ಅದನ್ನು ಐನೋ ಸಂತೋಷದಿಂದ ಓದಿ ಹೇಳಿದಳು. ನಾನು ಇನ್ನೊಂದು ಸಲ ಓದಿಸಿದೆ. ನಮ್ಮ ಶೀತಲ್ ಸುಮ್ಮನೆ ಇರುತ್ತಾಳೆಯೇ? ನಿದ್ದೆಯಲ್ಲೂ ಮಾತಾಡುವ ಹುಡುಗಿ.

ಇದರ ಜೊತೆ ಭಾಷಣ ಬರೆದು ಕಳಿಸಿದ್ದೇನೆ. ಬಾಯಿಪಾಠ ಮಾಡು. ಎಲ್ಲಿ ಉಸಿರು, ಎಲ್ಲಿ ಕೈ, ಎಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ. ತಿರುಗಿ ಬಂದರೆ ಈ ಊರಿಗೆ ನಾನು ಏನು ಹೇಳಲಿ?

ಎಳ್ಳು ಬೆಲ್ಲ ಕಳಿಸಲು ಆಗಲಿಲ್ಲ. ಸಂಕ್ರಾಂತಿಗೆ ಐನೋಳನ್ನು ನವಿಲುತೀರ್ಥಕ್ಕೆ ಕರೆದುಕೊಂಡು ಹೋಗುತ್ತೇವೆ.

ಅವ್ವ


ಬೈಲಹೊಂಗಲ
2 ಫೆಬ್ರವರಿ 2025

ಶೀತಲ್,

ಪತ್ರವಿಲ್ಲ. ಅಂಚೆಯವನು ಓಣಿಯ ತಿರುವಿನಲ್ಲಿ ಕಂಡರೆ ಸಾಕು, ನಾನು ಒಳಗೆ ಹೋಗಿ ಏನೋ ಕೆಲಸ ಹಿಡಿಯುತ್ತೇನೆ. ಅವನು ನಮ್ಮ ಮನೆ ದಾಟಿದ್ದು ಕೇಳಿಸಿದ ಮೇಲೆ ಹೊರಗೆ ಬರುತ್ತೇನೆ.

ಜನ ಕೇಳುತ್ತಿದ್ದಾರೆ. "ಮಗಳು ಭಾಷಣ ಮಾಡಾಕ ಹತ್ಯಾಳೇನ್ರಿ?" "ಹೂಂ, ಜೋರ ನಡದೈತಿ" ಅನ್ನುತ್ತೇನೆ. ನನ್ನ ಬಾಯಿಂದ ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಭಾಷಣ ತಲುಪಿತೇ? ಅದು ಬೇಡವಾದರೆ ಬೇಡ ಎಂದಾದರೂ ಬರೆ. ಬೈದು ಬರೆ. ಒಂದು ಸಾಲು.

ಮುಂದಿನ ಭಾನುವಾರ ಐನೋಳನ್ನು ಕರೆದುಕೊಂಡು ಮನೋಳಿಗೆ ಹೋಗುತ್ತೇನೆ. ಅಪ್ಪನ ಬಳಗದ ರಾಯವ್ವ ಅಲ್ಲಿದ್ದಾಳಲ್ಲ, ಅವಳು ಇನ್ನೂ ಬೀಸುಕಲ್ಲಿನ ಹಾಡು ಹಾಡುತ್ತಾಳೆ. ಈ ಹುಡುಗಿಗೆ ಕೇಳಿಸಬೇಕು. ಮಾರ್ಚಿನಲ್ಲಿ ಹೊರಟೇಬಿಟ್ಟರೆ ಇದೊಂದಾದರೂ ಕೇಳಿರಲಿ.

ಅವ್ವ


ಬೈಲಹೊಂಗಲ
9 ಫೆಬ್ರವರಿ 2025

ಶೀತಲ್,

ಈ ಪತ್ರ ಅಂಚೆಗೆ ಹಾಕುತ್ತಿಲ್ಲ. ಹಾಕಿದರೆ 28ರ ಒಳಗೆ ತಲುಪುವುದಿಲ್ಲ. ಮನೆಯಲ್ಲಿ ತುರ್ತಿದ್ದರೆ ಫೋನಿನಲ್ಲಿ ಸುದ್ದಿ ಕಳಿಸಬಹುದು ಎಂದು ನಿಯಮದಲ್ಲಿದೆ. ಯಾರಿಗೂ ಜ್ವರವಿಲ್ಲದಿದ್ದಾಗ ತುರ್ತು ಎನ್ನುವುದು ಹೇಗೆ ಎಂದು ನಾನು ಒದ್ದಾಡುತ್ತಿದ್ದೆ. ಐನೋ ನನ್ನ ಮುಖ ನೋಡಿ, ಕಲಿತ ಕನ್ನಡದಲ್ಲಿ, "ಆಂಟಿ, ಇದು ತುರ್ತು ಅದ" ಎಂದಳು. ಬರೆದು ಮುಗಿಸಿದ ತಕ್ಷಣ ಫೋಟೋ ತೆಗೆದು ತನ್ನ ತಾಯಿಗೆ ಕಳಿಸುತ್ತಾಳೆ. ಮರ್ಯಾ ಇದನ್ನು ಓದಲಾರರು. ಐನೋಗೂ ನನ್ನ ಅಕ್ಷರ ತಿಳಿಯದು. ನೀನೊಬ್ಬಳೇ ಓದುತ್ತೀ.

ಇವತ್ತು ಮನೋಳಿಗೆ ಹೋಗಿದ್ದೆವು. ಬೆಳಿಗ್ಗೆ ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಇತ್ತು. ರಾಯವ್ವ ಐನೋಳ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. "ಈಗ ಗಿರಣಿ ಬಂದು ಇದರ ಹೊಟ್ಟಿ ಮ್ಯಾಲೆ ಹೊಡೀತವ್ವ. ಹಾಡ ಹಾಡಾಕಂತ ಬೀಸತೇನಿ, ಹಿಟ್ಟಿಗೆ ಅಲ್ಲ" ಎನ್ನುತ್ತ ಒಂದು ಹಿಡಿ ಜೋಳ ಹಾಕಿ ಕಲ್ಲು ತಿರುಗಿಸಿದಳು.

ಹೊಳಿಯಾಚಿ ಊರಾಗ ಒಬ್ಬಾಕಿ ಅದಾಳಂತ
ಹೊಟ್ಯಾಗಿನ ಮಾತ ಹೊರಗಿಲ್ಲ, ಆಕೀಯ
ಕಲ್ಲಿಗೇ ಗೊತ್ತ ಕತಿಯೆಲ್ಲ.

ಐನೋಗೆ ಅರ್ಥ ಹೇಳಿದೆ. ಅವಳು ಕಲ್ಲಿನ ಕಡೆ ನೋಡಿ, "ಆ ಒಬ್ಬಾಕಿ ಯಾರು? ಆ ಊರಿಗೆ ಹೋಗಿ ಭೇಟಿಯಾಗಬಹುದಾ?" ಎಂದು ಕೇಳಿದಳು. ರಾಯವ್ವ ಬಾಯಿ ತುಂಬ ನಕ್ಕು, "ಸಾಲಿ ಬಾಯಾರ, ನೀವಽ ಹೇಳ್ರಿ ಆಕಿಗೆ" ಎಂದು ನನ್ನ ಕಡೆ ಕೈ ಮಾಡಿದಳು.

ನಾನು ಹೇಳಲು ಶುರು ಮಾಡಿದೆ. ನಮ್ಮ ಕಡೆ ಹೆಂಗಸರು ತಮ್ಮ ಕಷ್ಟವನ್ನು ನನ್ನದು ಎಂದು ಹೇಳುವುದಿಲ್ಲ, ಯಾವುದೋ ಊರಿನ ಇನ್ನೊಬ್ಬಳದು ಎಂದು... ಅಲ್ಲಿಗೆ ನಿಂತೆ. ಈ ವಾಕ್ಯವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಎಂ.ಎ.ಯಲ್ಲಿ ಇದರ ಮೇಲೇ ಪ್ರಬಂಧ ಬರೆದೆ. ಇವತ್ತು ಅದನ್ನು ಮುಗಿಸಲಾಗಲಿಲ್ಲ. ಐನೋ ಕಾಯುತ್ತಿದ್ದಳು. ರಾಯವ್ವ ಕಲ್ಲು ನಿಲ್ಲಿಸಿ, "ಯಾಕ್ರಿ, ನೀರ ಬೇಕೇನು?" ಎಂದಳು. ನಾನು ಎದ್ದು ಹಿತ್ತಲ ಬಾಗಿಲಿಗೆ ಹೋಗಿ ನಿಂತೆ.

ಮನೆಗೆ ಬಂದು ನಿನ್ನ ನವೆಂಬರಿನ ಪತ್ರ ತೆಗೆದೆ. ಮತ್ತೆ ಓದಿದೆ. ಇನ್ನು ಮುಂದಿನದನ್ನು ನಿನಗೆ ಬರೆಯುತ್ತಿಲ್ಲ. ನಿನ್ನ ಪಕ್ಕದ ಬೆಂಚಿನವಳಿಗೆ ಓದಿ ಹೇಳು.

ತಮಾರ ಕೂಸೇ,

ನಿನಗೆ ತಾಯಿಗೆ ಬರೆಯಬೇಡ ಎಂದ ಹೆಂಗಸು ತಪ್ಪು ಹೇಳಿದಳು. ಬರೆ. ತಾಯಿಯ ನಿದ್ದೆ ಕೆಡಲಿ, ನಿದ್ದೆ ಅದಕ್ಕೇ ಇರುವುದು. ನಿನಗೆ ತಯಾರಿ ಇರಲಿಲ್ಲ ಎಂದದ್ದೂ ಸುಳ್ಳು. ನಿನ್ನನ್ನು ತಯಾರು ಮಾಡಿದವಳಿಗೆ ವೇದಿಕೆ ಒಂದೇ ಗೊತ್ತಿತ್ತು. ದುಂಡಗೆ ಕುಳಿತ ಜನ ಗೊತ್ತಿರಲಿಲ್ಲ. ಅವಳು ನಿನಗೆ ಗೋಡೆ ನೋಡಲು ಕಲಿಸಿದಳು, ಮುಖ ನೋಡಲು ಕಲಿಸಲಿಲ್ಲ.

28ರಂದು ನೀನು ಮಾತಾಡು ಎಂದು ನಾನು ಹೇಳುವುದಿಲ್ಲ. ಮಾತಾಡಬೇಡ ಎಂದೂ ಹೇಳುವುದಿಲ್ಲ. ತಿರುಗಿ ಬಂದರೆ ನಾನು ಊರಿಗೆ ಏನು ಹೇಳಲಿ ಎಂದು ಒಬ್ಬ ತಾಯಿ ಕೇಳಿದ್ದಳಂತೆ. ಆ ಪ್ರಶ್ನೆ ಅವಳದು, ನಿನ್ನದಲ್ಲ. ನಿಲ್ದಾಣಕ್ಕೆ ಬಂದು ನಿಲ್ಲುವುದಷ್ಟೇ ಅವಳ ಕೆಲಸ.

ಬೆಂಚು ಬದಲಿಸಬೇಡ ಎಂದು ಶೀತಲ್‌ಗೆ ಹೇಳು.

ಶೀತಲ್‌ಳ ಅವ್ವ, ಶೈಲಶ್ರೀ


ಕೊಯಿವುಲಾ
14 ಫೆಬ್ರವರಿ 2025

ಅವ್ವಾ,

ಮರ್ಯಾ ಆಂಟಿ ನಿನ್ನ ಪತ್ರದ ಫೋಟೋವನ್ನು ಕಾಗದದ ಮೇಲೆ ಪ್ರಿಂಟ್ ಮಾಡಿ ನನ್ನ ದಿಂಬಿನ ಮೇಲೆ ಇಟ್ಟಿದ್ದರು. ಅದರ ಪಕ್ಕ ಒಂದು ಚಾಕಲೇಟು. ಕೆಟ್ಟ ಸುದ್ದಿಯಿರಬಹುದು ಎಂದು ಹೆದರಿದ್ದರಂತೆ.

ತಮಾರ ಅಂತ ಯಾರೂ ಇಲ್ಲ. ನಿನಗೆ ಗೊತ್ತಾಗಿದೆ, ಆದರೂ ನಾನೇ ಬರೆಯಬೇಕು. ಎದ್ದು ನಿಂತವಳು ನಾನು. 'ವೇದಿಕೆಯ ಮೇಲಿರುವ ಗಣ್ಯರೇ' ಎಂದು ಇಂಗ್ಲಿಷಿನಲ್ಲಿ ಕೂಗಿದವಳು ನಾನು. ವೇದಿಕೆಯೂ ಇರಲಿಲ್ಲ, ಗಣ್ಯರೂ ಇರಲಿಲ್ಲ. ಹದಿನೆಂಟು ಜನ ಮೊಳಕಾಲಿಗೆ ಮೊಳಕಾಲು ತಾಗಿಸಿ ಕುಳಿತಿದ್ದರು. ಮೂರನೆಯ ವಾಕ್ಯಕ್ಕೆ ಕೈ ಎತ್ತಿದಾಗ ಪಕ್ಕದ ಹುಡುಗಿಯ ಕನ್ನಡಕಕ್ಕೆ ತಾಗಿತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಬಾರದು ಎಂದು ನೀನು ಹೇಳಿದ್ದೆ. ಎಲ್ಲವನ್ನೂ ಮುಗಿಸಿಯೇ ಕುಳಿತೆ ಅವ್ವಾ, ಕೊನೆಯ ಜೈಹಿಂದ್ ತನಕ.

ನಿನಗೆ ಹೇಳದಿದ್ದದ್ದು ಹೆದರಿ ಅಲ್ಲ. ಕಿತ್ತೂರಿನಲ್ಲಿ ನೀನು ಮುಂದಿನ ಸಾಲಿನಲ್ಲಿ ಕುಳಿತು ನನ್ನ ಜೊತೆಗೇ ತುಟಿ ಆಡಿಸುತ್ತಿದ್ದೆ. ಆ ಕ್ಲಿಪ್ಪಿನಲ್ಲಿ ಅವರು ನನ್ನನ್ನು ನೋಡಿ ನಗುವಾಗ ನನಗೆ ನಿನ್ನ ತುಟಿಗಳು ಕಾಣುತ್ತಿದ್ದವು. ನಿನ್ನನ್ನೂ ನೋಡಿ ನಗುತ್ತಿದ್ದಾರೆ ಅನ್ನಿಸುತ್ತಿತ್ತು. ಅದಕ್ಕೆ ತಮಾರಳ ಕೈಯಲ್ಲಿ ಕೇಳಿಸಿ ನೋಡಿದೆ. ಡಿಸೆಂಬರಿನಲ್ಲಿ ನಿನ್ನ ಉತ್ತರ ಬಂದ ಮೇಲೆ ಕೇಳಲು ಯಾರೂ ಉಳಿಯಲಿಲ್ಲ. ಇದನ್ನು ನಿನಗೆ ನೋವಾಗಲಿ ಎಂದೇ ಬರೆಯುತ್ತಿದ್ದೇನೆ, ಸ್ವಲ್ಪ.

ಇವತ್ತು ಮರ್ಯಾ ಆಂಟಿಗೆ ಎಲ್ಲ ಹೇಳಿದೆ. ಅವರು ಅಯ್ಯೋ ಅನ್ನಲಿಲ್ಲ, ಅಪ್ಪಿಕೊಳ್ಳಲಿಲ್ಲ. ಕೇಳಿದ್ದು ಇಷ್ಟೇ: "ನಾನು ಏನು ಮಾಡಬೇಕು? ಏನು ಮಾಡಬಾರದು?" ಇಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಯೋಚಿಸಿ ಹೇಳಿದೆ: ಕ್ಲಿಪ್ಪನ್ನು ತೆಗೆಸಬೇಕು. ಆ ಹುಡುಗನನ್ನು ನನ್ನ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸಬಾರದು. ಸೋಮವಾರ ಅವರು ಶಾಲೆಗೆ ಹೋಗುತ್ತಾರೆ.

28ರಂದು ಮಾತಾಡುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಕುರ್ಚಿಯ ಮೇಲೆ ಹೋಗಿ ಕೂರುತ್ತೇನೆ, ಅಷ್ಟು ಖಾತ್ರಿ. ನಿನ್ನ ಕೆಂಪು ಶಾಯಿಯ ಭಾಷಣ ಬಂದಿದೆ. ಅದನ್ನು ತೆರೆದಿಲ್ಲ, ಹರಿದೂ ಇಲ್ಲ. ಇನ್ನೊಂದು ಕಳಿಸಬೇಡ. ವಿನಿಮಯದವರಿಗೆ ನನ್ನ ಪರವಾಗಿ ಏನೂ ಬರೆಯಬೇಡ. ಸಭೆ ಇಂಟರ್ನೆಟ್ಟಿನಲ್ಲಿ ಕಾಣುತ್ತದಂತೆ. ನೋಡಬೇಕಾದರೆ ನೋಡು. ಆದರೆ ನನ್ನ ಮಾತು ನಿಂತುಬಿಟ್ಟರೆ ನಿಂತಿತು ಎಂದು ತಿಳಿ.

ಈ ಪತ್ರವನ್ನೂ ಮರ್ಯಾ ಆಂಟಿ ಫೋಟೋ ತೆಗೆದು ಐನೋಳ ಫೋನಿಗೆ ಕಳಿಸುತ್ತಾರೆ. ಐನೋಗೆ ಹೇಳು, ಅವಳ ನಾಯಿ ನನ್ನ ಹಾಸಿಗೆಯಲ್ಲೇ ಮಲಗುತ್ತದೆ.

ಶೀತಲ್


ಬೈಲಹೊಂಗಲ
1 ಮಾರ್ಚ್ 2025

ಪ್ರೀತಿಯ ಶೀತಲ್,

ಇನ್ನು ಫೋನ್ ಮಾಡಬಹುದು. ಇವತ್ತು ಬೆಳಿಗ್ಗೆ ಮಾಡಿದೆವು ಕೂಡ. ಆರು ತಿಂಗಳು ಕಾದು ಇಬ್ಬರೂ ಕೇಳಿದ್ದು ಊಟ ಆಯಿತಾ ಎಂದು. ನೀನು, ಐನೋ ಇಬ್ಬರೂ ಮೇ ತನಕ ಇದ್ದಲ್ಲೇ ಇರುತ್ತೀರಿ ಎಂದು ವಿನಿಮಯದವರು ಬರೆದಿದ್ದಾರೆ, ಅದನ್ನೂ ಹೇಳಿಕೊಂಡೆವು. ಅಪ್ಪ ಫೋನ್ ಕಸಿದುಕೊಂಡರು. ಆದರೆ ನಿನ್ನೆ ನೀನು ಅಲ್ಲಿ ಕುಳಿತಿದ್ದಾಗ ಇಲ್ಲಿ ಏನಾಯಿತು ಎಂಬುದು ಫೋನಿನಲ್ಲಿ ಹೇಳಲು ಬರಲಿಲ್ಲ. ಬರೆಯುತ್ತೇನೆ.

ನಿಮ್ಮ ಮಧ್ಯಾಹ್ನ, ನಮ್ಮ ದೀಪ ಹಚ್ಚುವ ಹೊತ್ತು. ನಾನು, ಅಪ್ಪ, ಐನೋ ಪಡಸಾಲೆಯಲ್ಲಿ ಟೀಪಾಯಿಯ ಮೇಲೆ ಫೋನನ್ನು ತಂಬಿಗೆಗೆ ಆನಿಸಿ ಕುಳಿತಿದ್ದೆವು. ನಿನಗಿಂತ ಮೊದಲು ಮಾತಾಡಿದ ಹುಡುಗ ಚುರುಕಾಗಿದ್ದ. ಆಮೇಲೆ ನೀನು ಬಂದೆ. ಹಸಿರು ಸ್ವೆಟರ್, ಜಡೆ ಇಲ್ಲ. ಕುರ್ಚಿಯಲ್ಲಿ ಕುಳಿತೆ. ಗೋಡೆ ನೋಡಲಿಲ್ಲ.

"ನಾನು ಕುಳಿತೇ ಮಾತಾಡುತ್ತೇನೆ" ಎಂದೆ. ನಿನ್ನ ಇಂಗ್ಲಿಷನ್ನು ಐನೋ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು, ನನಗೆ ಬೇಕಿರಲಿಲ್ಲ, ಆದರೂ ಹೇಳಲಿ ಎಂದು ಬಿಟ್ಟೆ. "ಅಕ್ಟೋಬರಿನಲ್ಲಿ ನಾನು ನಿಂತು ಮಾತಾಡಿದ್ದನ್ನು ನಿಮ್ಮಲ್ಲಿ ತುಂಬ ಜನ ಫೋನಿನಲ್ಲಿ ನೋಡಿದ್ದೀರಿ."

ಅಷ್ಟೇ. ನಿನ್ನ ಮಾತು ನಿಂತಿತು.

ಅಪ್ಪ ನನ್ನ ಕಡೆ ನೋಡಿದರು. ಅವರಿಗೆ ಆ ಕ್ಲಿಪ್ಪಿನ ಸುದ್ದಿ ನಾನು ಹಿಂದಿನ ದಿನವಷ್ಟೇ ಹೇಳಿದ್ದೆ. ಫೋನಿನಲ್ಲಿ ನಿನ್ನ ಮುಖ ಹಾಗೇ ಇತ್ತು. ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ. ನಮ್ಮ ಕಡೆಯ ಸಭೆಯಾಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಚಪ್ಪಾಳೆ ತಟ್ಟಿ ಇಳಿಸಿಬಿಡುತ್ತಿದ್ದರು. ನನ್ನ ಬಾಯಿಯ ತುದಿಗೆ ನಿನ್ನ ಮುಂದಿನ ವಾಕ್ಯ ಬಂದಿತ್ತು. ನಾಲ್ಕು ವಾಕ್ಯ ಬಂದಿದ್ದವು, ಒಂದಕ್ಕಿಂತ ಒಂದು ಒಳ್ಳೆಯವು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಐನೋ ಅಲುಗಲಿಲ್ಲ. ಅವಳಿಗೆ ಅದು ಮಾತು ನಿಂತ ಹಾಗೆ ಕಾಣಿಸಲೇ ಇಲ್ಲ ಅನ್ನಿಸುತ್ತದೆ.

ಆಗ ಗುರುಬಸವ್ವ ಬಂದಳು. ನಿನಗೆ ಗೊತ್ತಲ್ಲ, ಅವಳು ಬಂದರೆ ಮೊದಲು ದನಿ ಬರುತ್ತದೆ, ಆಮೇಲೆ ಅವಳು. "ಭಾಷಣ ಐತೆಂತಲ್ರಿ ಇವತ್ತ! ನಮ್ಮ ಹುಡುಗಿ ಹೆಂಗ ಗುಡುಗಾಕ ಹತ್ಯಾಳು?" ಎಂದು ಬಾಗಿಲ ಚೌಕಟ್ಟು ಹಿಡಿದು, ಕೈಯಲ್ಲಿ ಹಾಲಿನ ಪಾತ್ರೆ, ಚಪ್ಪಲಿ ಬಿಡದೆ ಬಗ್ಗಿ ನೋಡಿದಳು. ಫೋನಿನಲ್ಲಿ ನೀನು, ಸುಮ್ಮನೆ.

"ಯಾಕ್ರಿ, ನೆಟ್ ಹ್ವಾತೇನು?" ಎಂದಳು.

ಒಂದೂವರೆ ತಿಂಗಳಿಂದ ಅವಳಿಗೆ ನಾನು ಹೇಳುತ್ತ ಬಂದ ಸುಳ್ಳೆಲ್ಲ ಆ ಕ್ಷಣ ನನ್ನ ನಾಲಿಗೆಯ ಮೇಲೆ ತಯಾರಿತ್ತು. ಹೌದ್ರಿ, ನೆಟ್ ಹೋಗಿದೆ ಎಂದಿದ್ದರೆ ಸಾಕಿತ್ತು. ಅವಳು ನಾಳೆ ಬರುತ್ತೇನೆ ಎಂದು ಹೋಗುತ್ತಿದ್ದಳು.

"ಇಲ್ಲ ಗುರುಬಸವ್ವ. ನೆಟ್ ಛಲೋ ಐತಿ. ಆಕಿಗೆ ಮಾತು ಬರವಲ್ದು. ಅಲ್ಲಿ ಹುಡುಗರು ಆಕಿನ್ನ ಭಾಳ ನಕ್ಕಾರ. ನಾನು ಕಲಿಸಿದ್ದಕ್ಕಽ ನಕ್ಕಾರ. ನಾನು ಇಷ್ಟ ದಿನ ನಿಮಗ ಸುಳ್ಳ ಹೇಳೇನಿ" ಎಂದೆ.

ಅಪ್ಪ ತಲೆ ಎತ್ತಲಿಲ್ಲ. ಗುರುಬಸವ್ವ ನನ್ನನ್ನು ನೋಡಿದಳು, ಫೋನನ್ನು ನೋಡಿದಳು. ನೀನು ಇನ್ನೂ ಹಾಗೇ ಕುಳಿತಿದ್ದೆ, ಎರಡೂ ಕೈ ಮೊಳಕಾಲ ಮೇಲೆ. ಅವಳು ಏನು ಅನ್ನುತ್ತಾಳೋ, ಓಣಿಯ ತುದಿಯ ತನಕ ಅದು ಹೇಗೆ ಹೋಗುತ್ತದೋ ಎಂದು ನಾನು ಕಾದೆ. ಅವಳು ಹಾಲಿನ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಚಪ್ಪಲಿ ಕಳಚಿದಳು.

"ಬರವಲ್ದಾದ್ರ ಏನಾತು, ಎದ್ದ ಹೋಗಿಲ್ಲಲ್ಲ ಆಕಿ. ಸರಕೋರಿ ಆಕಡೆ, ನಾನೂ ಕುಂದರತೇನಿ. ಆಕಿಗೆ ಬರೂ ಮಟಾ ಕೇಳೂಣು."